ಅರೆತಲೆನೋವು, ಒಣಕೆಮ್ಮಿಗೆ ಚೀನೀ ವೈದ್ಯ: ಸಿಂಗಪುರದಲ್ಲಿರುವವರ ಅನುಭವ ಬೇಕಾಗಿದೆ

ಪ್ರಶ್ನೆ:
ನಾವು ಸಿಂಗಪುರಕ್ಕೆ ಬಂದು ಎರಡು ವರ್ಷವಾಯಿತು. ನನಗೆ ತಿಂಗಳಿಗೆ ನಾಲ್ಕೈದು ಸಲ ಅರೆತಲೆನೋವು ಬರುತ್ತದೆ. ಊರಿನಿಂದ ಬಂದಿರುವ ಅತ್ತೆಯವರಿಗೆ ಒಣಕೆಮ್ಮು ಬಿಡುತ್ತಿಲ್ಲ. ಅವರು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ನೆರೆಯವರು ಚೀನೀ ವೈದ್ಯರ ಬಳಿ ಹೋಗಲು ಹೇಳುತ್ತಿದ್ದಾರೆ. ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ 1:
ಅರೆತಲೆನೋವಿಗಾಗಿ ನಾನು ಎರಡು ತಿಂಗಳಲ್ಲಿ ಎಂಟು ಸಲ ಚೀನೀ ಸೂಜಿಚಿಕಿತ್ಸೆ (ಅಕ್ಯುಪಂಕ್ಚರ್) ಮಾಡಿಸಿಕೊಂಡಿದ್ದೇನೆ. ವೈದ್ಯೆ ನಾಲಿಗೆ ನೋಡಿ, ಎರಡೂ ಕೈಗಳ ನಾಡಿಯ ಮೇಲೆ ಮೂರು ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಕೂದಲೆಳೆಯಂಥ ಸೂಜಿ ಇಳಿದದ್ದು ಗೊತ್ತಾಗಲಿಲ್ಲ. ಆದರೆ ಹೆಬ್ಬೆರಳು ತೋರುಬೆರಳುಗಳ ನಡುವಿನ ಬಿಂದುವಿನಲ್ಲಿ ಅದನ್ನು ತಿರುಗಿಸಿದಾಗ ಮೊಣಕೈವರೆಗೆ ಜೋಮು ಹಿಡಿದಂತೆ ಭಾರವಾಯಿತು. ತಿಂಗಳಿಗೆ ಆರು ಸಲ ಬರುತ್ತಿದ್ದ ತಲೆನೋವು ಮೂರಕ್ಕೆ ಇಳಿಯಿತು. ಇದು ಸೂಜಿಯ ಗುಣವೋ, ಅರ್ಧ ಗಂಟೆ ಮೊಬೈಲಿಲ್ಲದೆ ಕಣ್ಣುಮುಚ್ಚಿ ಮಲಗಿದ್ದರ ಗುಣವೋ ಹೇಳಲಾರೆ. ಜರ್ಮನಿಯಲ್ಲಿ ನಡೆದ ದೊಡ್ಡ ಪ್ರಯೋಗಗಳಲ್ಲಿ ಶಾಸ್ತ್ರದ ಬಿಂದುಗಳನ್ನು ಬಿಟ್ಟು ಬೇರೆಡೆ ಚುಚ್ಚಿಸಿಕೊಂಡವರಿಗೂ ಹೆಚ್ಚುಕಡಿಮೆ ಅಷ್ಟೇ ಉಪಶಮನ ಸಿಕ್ಕಿತ್ತು. ಆದರೂ ಯಾವ ಚಿಕಿತ್ಸೆ ಸೂಕ್ತವೆಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2012ರ ಮಾರ್ಗಸೂಚಿಯು, ಅರೆತಲೆನೋವು ಬರದಂತೆ ತಡೆಗಟ್ಟುವ ಮಾತ್ರೆಗಳು ಒಗ್ಗದವರು ಐದರಿಂದ ಎಂಟು ವಾರಗಳಲ್ಲಿ ಹತ್ತು ಸಲದವರೆಗೆ ಸೂಜಿಚಿಕಿತ್ಸೆ ಪಡೆಯಬಹುದೆಂದು ಹೇಳಿದ್ದರಿಂದ ನನಗೆ ಧೈರ್ಯ ಬಂದಿತ್ತು.

ಉತ್ತರ 2:
ನಿಮ್ಮ ಅತ್ತೆಯವರ ವಿಷಯ ಓದಿ ಬರೆಯುತ್ತಿದ್ದೇನೆ. ನನ್ನ ತಾಯಿಗೂ ಕೆಮ್ಮಿತ್ತು, ರಕ್ತದೊತ್ತಡವೂ ಇತ್ತು. ಒಂದು ಔಷಧದಂಗಡಿಯಲ್ಲಿ ಕಟ್ಟಿಕೊಟ್ಟ ಬೇರು, ತೊಗಟೆಗಳನ್ನು ಮೂರು ಬಟ್ಟಲು ನೀರು ಒಂದು ಬಟ್ಟಲಾಗುವವರೆಗೆ ಕುದಿಸಬೇಕಿತ್ತು. ನಮ್ಮ ಕಷಾಯದಂತೆಯೇ ಇದೆ, ಉಷ್ಣ, ಶೀತವೆಂಬ ಮಾತೂ ನಮ್ಮದರಂತೆಯೇ ಇದೆ ಎಂದು ಅಮ್ಮನಿಗೆ ನಂಬಿಕೆ ಬಂತು. ಕೆಮ್ಮು ಕಡಿಮೆಯಾದ ಮೇಲೂ, ಸಿಹಿಯಾಗಿದೆಯೆಂದು ಕುಡಿಯುತ್ತಲೇ ಇದ್ದರು. ತಿಂಗಳಾಗುವಷ್ಟರಲ್ಲಿ ಪಾದ ಊದಿ, ಬೆರಳಿನಿಂದ ಒತ್ತಿದರೆ ಗುಳಿ ಬೀಳತೊಡಗಿತು; 130ರ ಆಸುಪಾಸಿನಲ್ಲಿದ್ದ ರಕ್ತದೊತ್ತಡ 170ಕ್ಕೆ ಏರಿತ್ತು, ಪೊಟ್ಯಾಸಿಯಂ ಇಳಿದಿತ್ತು. ನಮ್ಮ ಡಾಕ್ಟರು ಪೊಟ್ಟಣ ಬಿಚ್ಚಿಸಿ ಹಳದಿ ಚಕ್ಕೆಯೊಂದನ್ನು ಎತ್ತಿ ತೋರಿಸಿದರು. ಅದು ಗಾನ್‌ಚಾವ್, ನಮ್ಮ ಜ್ಯೇಷ್ಠಮಧುವಿನ ಜಾತಿಯದೇ. ಬಹಳಷ್ಟು ಚೀನೀ ಕಷಾಯಗಳಿಗೆ ಅದು ಬೀಳುತ್ತದೆ. ಅದರಲ್ಲಿರುವ ಗ್ಲಿಸಿರೈಜಿನ್ ದೇಹದಲ್ಲಿ ಉಪ್ಪು, ನೀರನ್ನು ಹಿಡಿದಿಟ್ಟು ಪೊಟ್ಯಾಸಿಯಂ ಅನ್ನು ಹೊರಹಾಕಿಸುತ್ತದೆ. ನಿಲ್ಲಿಸಿದ ಮೂರು ವಾರಕ್ಕೆ ಎಲ್ಲವೂ ಸರಿಹೋಯಿತು. ಮಾತ್ರೆಯ ವಿಷಯ ಅಂಗಡಿಯವರು ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ಉತ್ತರ 3:
ಕಷಾಯಕ್ಕಿಂತ ಮೊದಲು ಅತ್ತೆಯವರ ಮಾತ್ರೆಯ ಹೆಸರು ನೋಡಿ. ಎನಾಲಪ್ರಿಲ್, ರಾಮಿಪ್ರಿಲ್ ಗುಂಪಿನ ರಕ್ತದೊತ್ತಡದ ಮಾತ್ರೆಗಳೇ ಕೆಲವರಿಗೆ ಬಿಡದ ಒಣಕೆಮ್ಮು ತರುತ್ತವೆ. ಹಾಗಿದ್ದರೆ ನೀವಾಗಿಯೇ ನಿಲ್ಲಿಸದೆ, ಬೇರೆ ಮಾತ್ರೆ ಬರೆದುಕೊಡುವಂತೆ ಡಾಕ್ಟರನ್ನು ಕೇಳಿ. ಇನ್ನು ಸೂಜಿಗೆ ಹೋಗುವುದಾದರೆ, ಸಿಂಗಪುರದಲ್ಲಿ 2000ದ ಕಾಯ್ದೆಯಂತೆ ಚೀನೀ ವೈದ್ಯರು ನೋಂದಾಯಿಸಿಕೊಂಡಿರಬೇಕು. ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡು ಹೋಗಿ.

ಪ್ರಶ್ನೆ ಕೇಳಿದವರು:
ಈಗಷ್ಟೇ ಡಬ್ಬಿ ತೆಗೆದು ನೋಡಿದೆ, ರಾಮಿಪ್ರಿಲ್ ಎಂದೇ ಇದೆ. ಅತ್ತೆಯವರನ್ನು ನಾಳೆ ಡಾಕ್ಟರ ಬಳಿ ಕರೆದುಕೊಂಡು ಹೋಗುತ್ತೇನೆ. ನನ್ನ ಸೂಜಿಯ ವಿಷಯ ಆಮೇಲೆ.