ಆರ್ಕೆಸ್ಟ್ರಾ ನಡೆಸುವ ಕೆಲಸ ಸಂಯೋಜಕನನ್ನು ತಿಂದುಹಾಕುತ್ತದೆಯೇ? ಸಲೊನೆನ್ ಕುರಿತು ಒಂದು ಪ್ರಶ್ನೆ

ಪ್ರಶ್ನೆ: ಮಾಟುಂಗಾದ ಕೇಳುಗ

ಎಲ್ಲರಿಗೂ ನಮಸ್ಕಾರ. ಹಿಂದೂಸ್ತಾನಿ ಸಂಗೀತ ಕೇಳಿ ಬೆಳೆದ ನನಗೆ, ಮುಂಬೈಯ ನರಿಮನ್ ಪಾಯಿಂಟಿನಲ್ಲಿರುವ ಪ್ರದರ್ಶನ ಕಲೆಗಳ ಕೇಂದ್ರ ಎನ್‌ಸಿಪಿಎಯ ಸಂಗೀತ ಕಛೇರಿಗಳ ದೆಸೆಯಿಂದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರುಚಿಯೂ ಹತ್ತಿದೆ. ಸದ್ಯ ಫಿನ್ಲೆಂಡಿನ ಎಸಾ-ಪೆಕ್ಕಾ ಸಲೊನೆನ್ ಅವರ ಧ್ವನಿಮುದ್ರಿಕೆಗಳನ್ನು ಕೇಳುತ್ತಿದ್ದೇನೆ. ಜಗತ್ತು ಅವರನ್ನು ವಾದ್ಯವೃಂದದ ನಿರ್ದೇಶಕರೆಂದು ಬಲ್ಲದು. ಅವರೋ ತಾವು ಮೊದಲಿಗೆ ಸಂಯೋಜಕರೆಂದೇ ಹೇಳಿಕೊಂಡವರು. ಕುಮಾರ ಗಂಧರ್ವರು ತಾವೇ ಬಂದಿಶ್ ಕಟ್ಟಿ ತಾವೇ ಹಾಡಿದ್ದನ್ನು ಬಲ್ಲ ನಮಗೆ ಈ ಎರಡು ಕೆಲಸಗಳನ್ನು ಬೇರೆಬೇರೆ ಎಂದು ಎಣಿಸುವುದೇ ವಿಚಿತ್ರವಾಗಿ ತೋರುತ್ತದೆ. ಆದರೂ ಕೇಳುತ್ತೇನೆ: ವರ್ಷವಿಡೀ ಬೇರೆಯವರ ಕೃತಿಗಳನ್ನು ಮೈಮೇಲೆ ಹಾಕಿಕೊಂಡವರಿಗೆ ತಮ್ಮದನ್ನು ಬರೆಯುವಷ್ಟು ಮನಸ್ಸು ಉಳಿದೀತೇ?

ಉತ್ತರ: ಪುಣೆಯ ಪಿಟೀಲು

ಮನಸ್ಸು ಉಳಿಯುತ್ತದೆ, ಸಮಯ ಉಳಿಯುವುದಿಲ್ಲ. ಸಂಯೋಜಕರೂ ನಿರ್ದೇಶಕರೂ ಆಗಿದ್ದ ಗುಸ್ತಾವ್ ಮಾಹ್ಲರ್ 1897ರಿಂದ 1907ರವರೆಗೆ ವಿಯೆನ್ನಾದ ಒಪೆರಾ ಸಂಸ್ಥೆಯನ್ನು ನಡೆಸುತ್ತಿದ್ದಾಗ ಬೇಸಿಗೆಯ ರಜೆಯಲ್ಲಿ ಮಾತ್ರ ಸಿಂಫನಿ ಬರೆಯುತ್ತಿದ್ದರು. ಸಲೊನೆನ್ ಅವರ ಕಥೆಯೂ ಹೆಚ್ಚುಕಡಿಮೆ ಅದೇ ದಾರಿಯದು, ಮತ್ತು ಅವರನ್ನು ಆ ದಾರಿಗೆ ತಳ್ಳಿದ್ದೂ ಮಾಹ್ಲರನೇ.

ಹೆಲ್ಸಿಂಕಿಯಲ್ಲಿ 1958ರಲ್ಲಿ ಹುಟ್ಟಿದ ಸಲೊನೆನ್ ಹಾರ್ನ್ ವಾದಕರಾಗಿ ಕಲಿತು, ರೌಟವಾರಾ ಅವರಲ್ಲಿ ಸಂಯೋಜನೆಯನ್ನೂ ಯೊರ್ಮಾ ಪನುಲಾ ಅವರಲ್ಲಿ ನಿರ್ದೇಶನವನ್ನೂ ಅಭ್ಯಾಸ ಮಾಡಿದರು. ತಮ್ಮ ಮತ್ತು ಗೆಳೆಯರ ಹೊಸ ಕೃತಿಗಳನ್ನು ನುಡಿಸಲು ಯಾರಾದರೂ ಬೇಕಲ್ಲ ಎಂಬುದೇ ನಿರ್ದೇಶನ ಕಲಿಯಲು ಕಾರಣವಾಗಿತ್ತು. 1983ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ, ಬರಬೇಕಾಗಿದ್ದ ನಿರ್ದೇಶಕರ ಬದಲಿಗೆ ಕೆಲವೇ ದಿನಗಳ ಮುನ್ಸೂಚನೆಯಲ್ಲಿ ಒಬ್ಬರು ಬೇಕಾದರು. ಅಲ್ಲಿಯವರೆಗೆ ಓದಿಯೇ ಇರದ ಮಾಹ್ಲರನ ಮೂರನೆಯ ಸಿಂಫನಿಯನ್ನು, ಒಂದೂವರೆ ಗಂಟೆಯ ಆ ಬೃಹತ್ ಕೃತಿಯನ್ನು, ಅವರು ಕಲಿತು ನಡೆಸಿಕೊಟ್ಟರು. ಬೆಳಗಾಗುವಷ್ಟರಲ್ಲಿ ಹೆಸರಾಯಿತು, ಬರೆಯುವ ಮೇಜು ಹಿಂದಕ್ಕೆ ಸರಿಯಿತು. 1992ರಿಂದ 2009ರವರೆಗೆ ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್‌ನ ಹೊಣೆ. ನಡುವೆ, 2000ದಲ್ಲಿ, ಬರೆಯುವುದಕ್ಕೆಂದೇ ರಜೆ ತೆಗೆದುಕೊಳ್ಳಬೇಕಾಯಿತು.

ಇಷ್ಟಾದರೂ, ನಿರ್ದೇಶನ ಅವರನ್ನು ತಿಂದುಹಾಕಿತೆಂದು ನಾನು ಒಪ್ಪುವುದಿಲ್ಲ. 2009ರ ವಯಲಿನ್ ಕಂಚೆರ್ಟೊವನ್ನೇ (ಒಂಟಿ ಪಿಟೀಲಿಗೂ ವಾದ್ಯವೃಂದಕ್ಕೂ ಬರೆದ ಕೃತಿ) ಕೇಳಿ. ಪಿಟೀಲು ವಾದಕಿ ಲೀಲಾ ಜೋಸೆಫೊವಿಚ್ ಅವರಿಗಾಗಿ ಬರೆದ, 2012ರಲ್ಲಿ ಸಂಗೀತ ಸಂಯೋಜನೆಯ ಗ್ರಾವೆಮಾಯರ್ ಪ್ರಶಸ್ತಿ ಪಡೆದ ಈ ಕೃತಿಯಲ್ಲಿ ಪಿಟೀಲು ಯಾವ ಪೀಠಿಕೆಯೂ ಇಲ್ಲದೆ, ಎಂದೋ ಶುರುವಾಗಿದ್ದ ಓಟದ ನಡುವಿನಿಂದ ಎಂಬಂತೆ ಒಬ್ಬಂಟಿಯಾಗಿ ಹೊರಡುತ್ತದೆ. ಎರಡನೆಯ ಭಾಗದಲ್ಲಿ ಟಿಂಪನಿ ಎಂಬ ದೊಡ್ಡ ನಗಾರಿ ಎದೆಬಡಿತದಂತೆ ಮೆಲ್ಲಗೆ ನಡೆಯುತ್ತದೆ. ಮೂರನೆಯದರಲ್ಲಿ ರಾಕ್ ಸಂಗೀತದ ಡ್ರಮ್ ಸೆಟ್ ನುಗ್ಗುತ್ತದೆ. ಅಷ್ಟು ಗದ್ದಲದ ನಡುವೆಯೂ ಒಂಟಿ ಪಿಟೀಲು ಮುಳುಗದಂತೆ ಕಟ್ಟುವುದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ನೂರು ವಾದಕರ ಮುಂದೆ ದಿನವೂ ನಿಂತು, ಯಾವ ವಾದ್ಯ ಯಾವುದನ್ನು ನುಂಗುತ್ತದೆಂದು ಕಂಡುಕೊಂಡ ಕಿವಿ ಮಾತ್ರ ಅದನ್ನು ಬರೆಯಬಲ್ಲದು.

ಉತ್ತರ: ಮಡಗಾಂವಿನಿಂದ

ಪುಣೆಯವರ ಮಾತಿಗೆ ನಮ್ಮ ಕಡೆಯ ಸಾಕ್ಷ್ಯವೊಂದನ್ನು ಸೇರಿಸುತ್ತೇನೆ. ಆರ್ಕೆಸ್ಟ್ರಾ ಕೈಯಲ್ಲಿಲ್ಲದ ಸಂಯೋಜಕನ ಪಾಡು ಏನೆಂದು ತಿಳಿಯಲು ಮುಂಬೈಯ ವನರಾಜ್ ಭಾಟಿಯಾ ಅವರನ್ನು ನೋಡಬೇಕು. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲೂ ಪ್ಯಾರಿಸ್‌ನ ನಾದಿಯಾ ಬುಲಾಂಜೆ ಅವರಲ್ಲೂ ಕಲಿತುಬಂದ ಈ ವಿದ್ವಾಂಸರು ನಾಡಿಗೆ ಪರಿಚಯವಾದದ್ದು ಜಾಹೀರಾತಿನ ರಾಗಗಳಿಂದ ಮತ್ತು ಶ್ಯಾಮ್ ಬೆನೆಗಲ್ ಅವರ ಚಿತ್ರಗಳಿಂದ. ಕನ್ನಡಿಗರಿಗೆ ಹತ್ತಿರದ ಸಂಗತಿಯೆಂದರೆ, ಗಿರೀಶ ಕಾರ್ನಾಡರ ‘ಅಗ್ನಿ ಮತ್ತು ಮಳೆ’ ನಾಟಕವನ್ನು ಆಧರಿಸಿ ಅವರು ಇಳಿವಯಸ್ಸಿನಲ್ಲಿ ಒಪೆರಾ ಬರೆಯಲು ತೊಡಗಿದ್ದು. ಎನ್‌ಸಿಪಿಎಯಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಹುಟ್ಟಿದ್ದು 2006ರಲ್ಲಿ. ಆಗ ಭಾಟಿಯಾ ಅವರಿಗೆ ಎಂಬತ್ತು ಸಮೀಪಿಸಿತ್ತು.

ನಮ್ಮ ಗೋವೆಯ ಮಜೋರ್ಡಾದ ಆಂಟನಿ ಗೊನ್ಸಾಲ್ವಿಸ್ ಇನ್ನೊಂದು ದಾರಿ ಹಿಡಿದರು. ಚಿತ್ರರಂಗದ ಪಿಟೀಲು ವಾದಕರೂ ಲಕ್ಷ್ಮೀಕಾಂತ್-ಪ್ಯಾರೇಲಾಲ್ ಎಂಬ ಹಿಂದಿ ಚಿತ್ರಸಂಗೀತದ ಜೋಡಿಯ ಪ್ಯಾರೇಲಾಲರ ಗುರುಗಳೂ ಆಗಿದ್ದ ಅವರು, ಇಲ್ಲದ ವಾದ್ಯವೃಂದವನ್ನು 1958ರಲ್ಲಿ ಮುಂಬೈಯಲ್ಲಿ ತಾವೇ ಕಟ್ಟಿ, ರಾಗಗಳನ್ನು ಅದಕ್ಕೆ ಒಗ್ಗಿಸಿ ಬರೆದರು. 1960ರ ದಶಕದಲ್ಲಿ ಅವರು ಅಮೆರಿಕೆಗೆ ಹೋದರು. ಇಂದು ಜನಕ್ಕೆ ಅವರ ಹೆಸರು ಗೊತ್ತಿರುವುದು ಶಿಷ್ಯ ಸಂಯೋಜಿಸಿದ ‘ಮೈ ನೇಮ್ ಈಸ್ ಆಂಟನಿ ಗೊನ್ಸಾಲ್ವಿಸ್’ ಎಂಬ ಒಂದು ಹಿಂದಿ ಹಾಡಿನಿಂದ ಮಾತ್ರ, ಅದೂ ತಮಾಷೆಯ ಹಾಡು. ಸಲೊನೆನ್ ಅವರಿಗೆ ಸಮಯದ ಕೊರತೆ ಇತ್ತು ನಿಜ, ಆದರೆ ಅಂಥ ಕೊರತೆ ನಮ್ಮವರಿಗೆ ಸಿಕ್ಕಿದ್ದರೆ ಅದನ್ನು ಭಾಗ್ಯವೆಂದೇ ತಿಳಿಯುತ್ತಿದ್ದರು.

ಮಾಟುಂಗಾದ ಕೇಳುಗ

ಇಬ್ಬರಿಗೂ ಧನ್ಯವಾದಗಳು. ಕಂಚೆರ್ಟೊದ ನಂತರ ಯಾವುದನ್ನು ಕೇಳಲಿ?

ಉತ್ತರ: ಪುಣೆಯ ಪಿಟೀಲು

1997ರ ‘ಎಲ್‌ಎ ವೇರಿಯೇಶನ್ಸ್’ ಕೇಳಿರಿ. ಸುಮಾರು ಇಪ್ಪತ್ತು ನಿಮಿಷದ್ದು, ತಮ್ಮದೇ ಲಾಸ್ ಏಂಜಲೀಸ್ (ಎಲ್‌ಎ) ವಾದಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಆರಾರು ಸ್ವರಗಳ ಎರಡು ಗುಂಪುಗಳಿಂದ ಅದು ಬೆಳೆಯುತ್ತದೆ. ಎರಡನ್ನೂ ಕೂಡಿಸಿದರೆ ಸಪ್ತಕದ ಹನ್ನೆರಡೂ ಸ್ವರಸ್ಥಾನಗಳು ತುಂಬುತ್ತವೆ. ಷಡ್ಜವನ್ನು ಹುಡುಕುತ್ತ ಕೂರಬೇಡಿ, ಅಲ್ಲಿ ಅದು ಸಿಗುವುದಿಲ್ಲ. ಒಂದು ಬಣ್ಣ ಹಿತ್ತಾಳೆ ವಾದ್ಯಗಳಿಂದ ತಂತಿವಾದ್ಯಗಳಿಗೆ ಹೇಗೆ ದಾಟುತ್ತದೆಂಬುದರ ಮೇಲೆ ಕಿವಿಯಿಡಿ.