ಆರು ನಿಮಿಷದ ನಡಿಗೆ ಪರೀಕ್ಷೆ: ಮಾಡಿಸಿದವರು ಸ್ವಲ್ಪ ಹೇಳಿ

ಕೇಳಿದವರು, ತುಮಕೂರು: ಅಪ್ಪನಿಗೆ 68 ವರ್ಷ, ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ. ಬರುವ ವಾರ ಆರು ನಿಮಿಷ ನಡೆಸಿ ಎಷ್ಟು ದೂರ ಹೋಗುತ್ತಾರೆ ಅಂತ ನೋಡುತ್ತಾರಂತೆ. ಅಪ್ಪ ಗಾಬರಿಯಾಗಿ ಈಗಲೇ ಅಮಾನಿಕೆರೆ ದಂಡೆಯಲ್ಲಿ ಪ್ರಾಕ್ಟೀಸ್ ಶುರು ಮಾಡಿದ್ದಾರೆ! ಏನು ತಯಾರಿ ಬೇಕು?

ಶಿಡ್ಲಘಟ್ಟದಿಂದ: ನಮ್ಮಮ್ಮ ಬೀಡಿ ಮುಟ್ಟಿದವರಲ್ಲ, ರೇಷ್ಮೆ ನೂಲು ತೆಗೆಯುವ ಒಲೆ ಮುಂದೆ ಹೊಗೆ ಕುಡಿದವರು. ಪರೀಕ್ಷೆ ದಿನ ಓಟದ ಪಂದ್ಯ ಅಂದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ದಡಬಡ ಹೊರಟರು. ಎರಡನೇ ನಿಮಿಷಕ್ಕೇ ಗೋಡೆ ಹಿಡಿದು ನಿಂತರು. ನಿಲ್ಲಬಹುದು, ಆದರೆ ಗಡಿಯಾರ ನಿಲ್ಲಿಸುವುದಿಲ್ಲ. ಬಂದಿದ್ದು 210 ಮೀಟರ್. ಅರ್ಧ ಗಂಟೆ ಕೂರಿಸಿ ಮತ್ತೆ ನಡೆಸಿದರು, ಆಗ 245. ಎರಡನೇ ಸಲ ಜಾಸ್ತಿ ಬರೋದು ಮಾಮೂಲು, ಅದಕ್ಕೇ ಎರಡು ಸಲ ನಡೆಸಿ ಹೆಚ್ಚಿನದನ್ನು ಬರೆದುಕೊಳ್ಳುತ್ತಾರೆ. ನಾನು ಪಕ್ಕದಲ್ಲೇ ಮಾತಾಡಿಕೊಂಡು ಹೋಗುತ್ತಿದ್ದೆ, ನನ್ನನ್ನು ಕುರ್ಚಿಗೆ ಕಳಿಸಿದರು! ಜೊತೆಗೆ ಯಾರಾದರೂ ನಡೆದರೆ ಅವರ ವೇಗಕ್ಕೆ ಇವರೂ ಹೋಗುತ್ತಾರಲ್ವಾ. ಹಾಂ, ಉಗುರಿಗೆ ಬಣ್ಣ ಇದ್ದರೆ ಮೊದಲೇ ಅಳಿಸಿ. ಬೆರಳಿಗೆ ಹಾಕುವ ಆಕ್ಸಿಜನ್ ಕ್ಲಿಪ್ ತಪ್ಪು ತೋರಿಸಬಹುದು.

ತುಮಕೂರಿನ ಫಿಸಿಯೊಥೆರಪಿಸ್ಟ್: ಪ್ರಾಕ್ಟೀಸ್ ಬೇಡ. ಪರೀಕ್ಷೆಗೆ ಮುಂಚಿನ ಎರಡು ಗಂಟೆ ಆಯಾಸದ ಕೆಲಸವಂತೂ ಬೇಡವೇ ಬೇಡ. ಇನ್ಹೇಲರ್, ಮಾತ್ರೆ ಎಂದಿನಂತೆ. ತಿಂಡಿ ಹಗುರವಾಗಿರಲಿ. ದಿನಾ ಹಾಕುವ ಚಪ್ಪಲಿ, ದಿನಾ ಹಿಡಿಯುವ ಕೋಲು. ಈಚೆಗೆ ಎದೆನೋವು, ಹಾರ್ಟ್ ಅಟ್ಯಾಕ್ ಆಗಿದ್ದರೆ ಮುಚ್ಚಿಡಬೇಡಿ. 30 ಮೀಟರ್ ಕಾರಿಡಾರ್‌ನಲ್ಲಿ ಆ ತುದಿಯಿಂದ ಈ ತುದಿಗೆ ನಡೆಸುತ್ತೇವೆ. ರಕ್ತದ ಆಕ್ಸಿಜನ್ ಶೇ. 80ಕ್ಕಿಂತ ಇಳಿದರೆ ನಾವೇ ನಿಲ್ಲಿಸುತ್ತೇವೆ. ಉಬ್ಬಸ ಎಷ್ಟು ಅಂತ ಸೊನ್ನೆಯಿಂದ ಹತ್ತರೊಳಗೆ ಕೇಳುತ್ತೇವೆ. ಅಲ್ಲಿ ನಮ್ಮ ಹಿರಿಯರು ‘ಏನೂ ಇಲ್ಲಪ್ಪ’ ಅಂತ ಸುಮ್ನೆ ಹೇಳಿಬಿಡುತ್ತಾರೆ, ಅದೇ ದೊಡ್ಡ ತಲೆನೋವು. ಇದರಲ್ಲಿ ಪಾಸು ಫೇಲು ಇಲ್ಲ. ಮುಂದಿನ ಸಲ 30 ಮೀಟರ್ ಆಸುಪಾಸು ಹೆಚ್ಚು ಕಡಿಮೆಯಾದರೆ ಅದನ್ನು ಗಂಭೀರವಾಗಿ ನೋಡುತ್ತೇವೆ. ಇವತ್ತು ಜೋರು ಮಾಡಿ ತೋರಿಸಿದರೆ ಆ ಹೋಲಿಕೆಯೇ ಕೆಡುತ್ತದೆ.

ಕೋಲಾರದಿಂದ: ನಮ್ಮ ಮಾವ ಕೆಜಿಎಫ್ ಗಣಿಯಲ್ಲಿದ್ದವರು. ಅವರಿಗೆ ಮಾಡಿದ್ದು ಬೀಪ್ ಶಬ್ದದ ಶಟಲ್ ಪರೀಕ್ಷೆ. 10 ಮೀಟರ್ ದಾರಿ, ಬೀಪ್ ಆಗುವಷ್ಟರಲ್ಲಿ ಆ ತುದಿ ಮುಟ್ಟಬೇಕು, ನಿಮಿಷ ನಿಮಿಷಕ್ಕೂ ಬೀಪ್ ಚುರುಕಾಗುತ್ತದೆ. ನಿಮ್ಮದು ಯಾವುದು ಅಂತ ಕೇಳಿಕೊಳ್ಳಿ, ಎರಡರ ಮೀಟರ್ ಲೆಕ್ಕ ಒಂದಕ್ಕೊಂದು ಹೋಲಿಸಬೇಡಿ.

ಕೇಳಿದವರು: ಎಲ್ಲಾ ಅಪ್ಪನಿಗೆ ಓದಿ ಹೇಳಿದೆ. ಇದಕ್ಕೆಂದೇ ತಂದಿದ್ದ ಹೊಸ ಶೂ ವಾಪಸ್ ಡಬ್ಬಕ್ಕೆ ಹೋಯಿತು.