ಒನ್‌ಡ್ರೈವ್ ಟಿಂಗ್ ಟಿಂಗ್ ನಿಲ್ಲಿಸೋದು ಹೇಗೆ? ಯಾವ ನೋಟಿಫಿಕೇಶನ್ ಉಳಿಸಬೇಕು?

ಪ್ರಶ್ನೆ (ನೆಹರು ಗಂಜ್, ಕಲಬುರಗಿ):
ಶರಣ್ರಿ ಸರ್. ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಆಫೀಸಿನಲ್ಲಿ ಮೂರು ಕಂಪ್ಯೂಟರ್, ಮೂರಕ್ಕೂ ಒನ್‌ಡ್ರೈವ್ (ಫೈಲುಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟ್ ಸೇವೆ) ಹಾಕಿದ್ದೇವೆ. ತೊಗರಿ ಆವಕದ ಎಕ್ಸೆಲ್ ಶೀಟ್ ನನ್ನದು, ಉಳಿದವರಿಗೆ ಶೇರ್ ಮಾಡಿದ್ದೇನೆ. ಸುಗ್ಗಿ ಶುರುವಾದರೆ ಪರದೆ ಮೂಲೆಯಲ್ಲಿ ಒಂದಾದ ಮೇಲೊಂದು ಡಬ್ಬಿ ಬರುತ್ತದೆ. ಅದನ್ನು ನೋಡುವಷ್ಟರಲ್ಲಿ ಯಾವ ಚೀಟಿಯ ತೂಕ ತುಂಬುತ್ತಿದ್ದೆ ಅನ್ನೋದೇ ಮರೆತುಹೋಗುತ್ತದೆ. ಒಟ್ಟಿಗೆ ಎಲ್ಲ ಆಫ್ ಮಾಡಿಬಿಡಲಾ?

ಉತ್ತರ (ಕಂಪ್ಯೂಟರ್ ಮತ್ತು ನೆಟ್‌ವರ್ಕ್ ಸರ್ವಿಸ್, ಕಲಬುರಗಿ):
ಶರಣ್ರಿ ಅಣ್ಣಾ. ಎಲ್ಲ ಆಫ್ ಮಾಡಬೇಡಿ. ಒನ್‌ಡ್ರೈವ್ ಎರಡು ಥರದ ಮಾತು ಹೇಳುತ್ತದೆ. "ಅವರು ಫೈಲ್ ತಿದ್ದಿದರು", "ಹಳೆಯ ಫೋಟೋ ನೋಡಿ", "ಫೋಲ್ಡರ್ ಬ್ಯಾಕಪ್ ಮಾಡಿ" ಅನ್ನೋದು ಒಂದು ಥರ. ಇವು ಬರದಿದ್ದರೆ ಏನೂ ನಷ್ಟವಿಲ್ಲ. "ತುಂಬಾ ಫೈಲ್ ಡಿಲೀಟ್ ಆಗಿವೆ", "ಸಿಂಕ್ ನಿಂತಿದೆ" (ಅಂದರೆ ಕಂಪ್ಯೂಟರ್‌ನ ಫೈಲು ಮತ್ತು ಆನ್‌ಲೈನ್ ಖಾತೆಯ ಫೈಲು ಒಂದೇ ಆಗಿರುವಂತೆ ನೋಡಿಕೊಳ್ಳುವ ಕೆಲಸ ನಿಂತಿದೆ), "ಜಾಗ ತುಂಬಿದೆ" ಅನ್ನೋದು ಇನ್ನೊಂದು ಥರ. ಇವು ಬರಲೇಬೇಕು.

ಗಡಿಯಾರದ ಪಕ್ಕ ಇರುವ ಮೋಡದ ಗುರುತು ಒತ್ತಿ. ಗೇರ್ ಗುರುತು, ಅಲ್ಲಿಂದ ಸೆಟ್ಟಿಂಗ್ಸ್, ಅದರಲ್ಲಿ ನೋಟಿಫಿಕೇಶನ್ಸ್. ಬೇರೆಯವರು ಶೇರ್ ಮಾಡಿದಾಗ ಅಥವಾ ನಿಮ್ಮ ಫೈಲ್ ತಿದ್ದಿದಾಗ ತಿಳಿಸು ಅನ್ನುವ ಸಾಲನ್ನು ಆಫ್ ಮಾಡಿ. ನಿಮ್ಮ ಕಾಟದಲ್ಲಿ ಜಾಸ್ತಿ ಪಾಲು ಇದರದ್ದೇ. 'ಆನ್ ದಿಸ್ ಡೇ' ನೆನಪುಗಳನ್ನೂ ಬ್ಯಾಕಪ್ ಸಲಹೆಯನ್ನೂ ಆಫ್ ಮಾಡಿ. ತುಂಬಾ ಫೈಲ್ ಡಿಲೀಟ್ ಆದಾಗ ಎಚ್ಚರಿಸುವ ಸಾಲನ್ನು ಮಾತ್ರ ಮುಟ್ಟಲೇಬೇಡಿ. ಆಫೀಸಿನ ಹುಡುಗ ಗೊತ್ತಿಲ್ಲದೆ ಒಂದು ಫೋಲ್ಡರ್ ಅಳಿಸಿದರೆ ಅದು ಮೂರೂ ಕಂಪ್ಯೂಟರ್‌ನಿಂದ ಹೋಗುತ್ತದೆ. ಸ್ವಂತ ಖಾತೆಯ ರಿಸೈಕಲ್ ಬಿನ್‌ನಲ್ಲಿ ಅದು 30 ದಿನ ಮಾತ್ರ ಉಳಿಯುತ್ತದೆ. ಅಷ್ಟರೊಳಗೆ ಗೊತ್ತಾಗಬೇಕಲ್ವಾ?

ಸಿಂಕ್ ತಾನಾಗಿ ನಿಂತಾಗ ತಿಳಿಸುವ ಸಾಲೂ ಇರಲಿ. ಕರೆಂಟ್ ಹೋದಾಗ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿಕೊಳ್ಳುವವರು ಬಹಳ. ಆ ಹಾಟ್‌ಸ್ಪಾಟ್ ವಿಂಡೋಸ್‌ನಲ್ಲಿ ಮೀಟರ್ಡ್ (ಡೇಟಾ ಲೆಕ್ಕ ಹಾಕಿ ಬಳಸುವ ಕನೆಕ್ಷನ್) ಅಂತ ಇದ್ದರೆ ಒನ್‌ಡ್ರೈವ್ ಸಿಂಕ್ ನಿಲ್ಲಿಸಿಬಿಡುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿ ಸೇವರ್‌ಗೆ ಹೋದರೂ ಅಷ್ಟೆ. ಶೀಟ್ ಆನ್‌ಲೈನ್ ಖಾತೆಗೆ ಹೋಗಿದೆ ಅಂತ ನೀವು ಅಂದುಕೊಂಡಿರುತ್ತೀರಿ, ಅದು ಇಲ್ಲೇ ಕೂತಿರುತ್ತದೆ.

ಪ್ರಶ್ನೆ (ಅದೇ ಅಣ್ಣ):
ಆಫ್ ಮಾಡಿದೆ ಸರ್, ಅರ್ಧಕ್ಕರ್ಧ ಕಡಿಮೆ ಆಯಿತು. ಆದರೆ 20ನೇ ತಾರೀಖು ಜಿಎಸ್‌ಟಿ 3ಬಿ (ತಿಂಗಳ ತೆರಿಗೆ ರಿಟರ್ನ್) ತುಂಬುವ ದಿನ ಒಂದೂ ಬರಬಾರದು. ಏನು ಮಾಡಲಿ?

ಉತ್ತರ:
ಅಷ್ಟು ಹೊತ್ತಿಗೆ ವಿಂಡೋಸ್‌ನಲ್ಲೇ 'ಡು ನಾಟ್ ಡಿಸ್ಟರ್ಬ್' ಹಾಕಿ. ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಜೊತೆ ಎನ್ ಒತ್ತಿದರೆ ಗಂಟೆಯ ಗುರುತು ಸಿಗುತ್ತದೆ, ಅದನ್ನು ಒತ್ತಿದರೆ ಆಯಿತು. ದಿನವೂ ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆವರೆಗೆ ಅಂತ ಹೊತ್ತು ಕಟ್ಟಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ನೋಟಿಫಿಕೇಶನ್ಸ್ ಒಳಗೆ ಅದಿದೆ. ವಿಂಡೋಸ್ 10ರಲ್ಲಿ ಇದಕ್ಕೆ ಫೋಕಸ್ ಅಸಿಸ್ಟ್ ಅಂತ ಹೆಸರು. ಡಬ್ಬಿ ಏಳುವುದಿಲ್ಲ, ಸದ್ದು ಬರುವುದಿಲ್ಲ. ಬಂದದ್ದೆಲ್ಲ ಪಟ್ಟಿಯಲ್ಲಿ ಉಳಿದಿರುತ್ತದೆ, ಕೆಲಸ ಮುಗಿದ ಮೇಲೆ ನೋಡಿ.

ಒನ್‌ಡ್ರೈವ್‌ನಲ್ಲಿ ಸಿಂಕ್ ಸ್ವಲ್ಪ ಹೊತ್ತು ನಿಲ್ಲಿಸುವ (ಪಾಜ್) ದಾರಿಯೂ ಇದೆ: 2, 8 ಅಥವಾ 24 ಗಂಟೆ. ಆದರೆ ಮೂರು ಜನ ಒಂದೇ ಶೀಟ್ ತುಂಬುವ ಆಫೀಸಿಗೆ ಅದು ಸರಿಯಲ್ಲ. ಸಿಂಕ್ ನಿಂತಿದ್ದಾಗ ಇಬ್ಬರು ತಿದ್ದಿದರೆ, ಆಮೇಲೆ ಒಂದೇ ಫೈಲಿಗೆ ಎರಡು ಪ್ರತಿ ಆಗಬಹುದು. ಎರಡನೆಯದರ ಹೆಸರಿನ ಕೊನೆಗೆ ಕಂಪ್ಯೂಟರ್ ಹೆಸರು ಸೇರಿರುತ್ತದೆ. ಯಾವ ಪ್ರತಿಯಲ್ಲಿ ಯಾವ ತೂಕ ಇದೆ ಅಂತ ಹುಡುಕೋದು ದೊಡ್ಡ ತಲೆನೋವು.

ಪ್ರಶ್ನೆ (ಆಳಂದ, ಜೆರಾಕ್ಸ್ ಮತ್ತು ಆನ್‌ಲೈನ್ ಸೆಂಟರ್):
ಸರ್, ನಾನು ಒನ್‌ಡ್ರೈವ್ ಅಂತ ಏನೂ ಹಾಕಿಕೊಂಡಿಲ್ಲ. ಆದರೂ ದಿನವೂ "ಜಾಗ ತುಂಬಿದೆ" ಅಂತ ಬರುತ್ತದೆ. ಅದನ್ನು ಬಂದ್ ಮಾಡೋದು ಹೇಗೆ?

ಉತ್ತರ:
ಅಕ್ಕಾ, ನಿಮ್ಮದು ಬೇರೆ ವಿಷಯ. ದಯವಿಟ್ಟು ಇವತ್ತೇ ನೋಡಿ. ವಿಂಡೋಸ್ ಜೊತೆಗೇ ಒನ್‌ಡ್ರೈವ್ ಬಂದಿರುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಕಂಪ್ಯೂಟರ್ ಶುರು ಮಾಡಿದಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳ ಬ್ಯಾಕಪ್ ಆನ್ ಆಗಿರಬಹುದು. ಪುಕ್ಕಟೆ ಸಿಗುವುದು 5 ಜಿಬಿ. ಸ್ಕ್ಯಾನ್ ಮಾಡಿದ್ದೆಲ್ಲ ಡೆಸ್ಕ್‌ಟಾಪ್ ಮೇಲೆ ಇಟ್ಟರೆ ಅದು ಬೇಗ ತುಂಬುತ್ತದೆ.

ನನಗೆ ಜಾಗದ ಚಿಂತೆಗಿಂತ ಜಾಸ್ತಿ ಚಿಂತೆ ಬೇರೆಯದು. ಗಿರಾಕಿಗಳ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಎಲ್ಲ ನಿಮ್ಮ ಖಾತೆಗೆ ಹೋಗಿ ಕೂತಿವೆ. ಅವರು ಪ್ರಿಂಟ್ ತೆಗೆಸಲು ಕೊಟ್ಟದ್ದು, ಇಟ್ಟುಕೊಳ್ಳಲು ಕೊಟ್ಟದ್ದಲ್ಲ. ನೋಟಿಫಿಕೇಶನ್ ಮುಚ್ಚಿದರೆ ಇದು ಕಣ್ಣಿಗೆ ಬೀಳೋದೂ ನಿಲ್ಲುತ್ತದೆ, ಅಷ್ಟೆ.

ಮೋಡದ ಗುರುತು, ಸೆಟ್ಟಿಂಗ್ಸ್, ಸಿಂಕ್ ಆ್ಯಂಡ್ ಬ್ಯಾಕಪ್, ಮ್ಯಾನೇಜ್ ಬ್ಯಾಕಪ್ ಹೀಗೆ ಹೋಗಿ ಡೆಸ್ಕ್‌ಟಾಪ್ ಆಫ್ ಮಾಡಿ. ಆಮೇಲೆ ಡೆಸ್ಕ್‌ಟಾಪ್ ಖಾಲಿ ಕಂಡರೆ ಗಾಬರಿ ಬೇಡ. ಫೈಲುಗಳು ಒನ್‌ಡ್ರೈವ್ ಫೋಲ್ಡರ್ ಒಳಗಿನ ಡೆಸ್ಕ್‌ಟಾಪ್ ಫೋಲ್ಡರ್‌ನಲ್ಲಿರುತ್ತವೆ. ನಿಮ್ಮವನ್ನು ಹೊರಗೆ ತಂದುಕೊಳ್ಳಿ, ಗಿರಾಕಿಗಳದ್ದು ಅಳಿಸಿ, ಒನ್‌ಡ್ರೈವ್ ಖಾತೆಯ ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ. ಆಗ ಆ ನೋಟಿಫಿಕೇಶನ್ ತಾನೇ ನಿಲ್ಲುತ್ತದೆ.

ಪ್ರಶ್ನೆ (ಸೇಡಂ, ಶಿಕ್ಷಕಿ):
ನನ್ನದು ಮೊಬೈಲ್‌ನಲ್ಲಿ ಗೂಗಲ್ ಡ್ರೈವ್. ಪಾಠದ ನಡುವೆ ಸದ್ದು ಮಾಡುತ್ತದೆ.

ಉತ್ತರ:
ಟೀಚರ್, ಮುಂದಿನ ಸಲ ಬಂದಾಗ ಆ ನೋಟಿಫಿಕೇಶನ್ ಮೇಲೆ ಬೆರಳು ಒತ್ತಿ ಹಿಡಿಯಿರಿ. ಸೈಲೆಂಟ್ ಅಂತ ಬರುತ್ತದೆ, ಅದನ್ನು ಆರಿಸಿ. ಆಂಡ್ರಾಯ್ಡ್ 8ರಿಂದ ಈಚೆಗೆ ಒಂದೇ ಆ್ಯಪ್‌ನ ಬೇರೆ ಬೇರೆ ಥರದ ನೋಟಿಫಿಕೇಶನ್‌ಗೆ ಬೇರೆ ಬೇರೆ ಸ್ವಿಚ್ ಇದೆ. ಹಾಗಾಗಿ ಸದ್ದು ಮಾಡುವ ಆ ಒಂದನ್ನು ಮಾತ್ರ ಸುಮ್ಮನಾಗಿಸಬಹುದು.

ಪ್ರಶ್ನೆ (ನೆಹರು ಗಂಜ್ ಅಣ್ಣ):
ಸರ್, ಇನ್ನೊಂದು ಉಳಿದಿದೆ. "ಫೈಲ್ ಬಳಕೆಯಲ್ಲಿದೆ, ಸಿಂಕ್ ಆಗುತ್ತಿಲ್ಲ" ಅಂತ ಮತ್ತೆ ಮತ್ತೆ ಬರುತ್ತದೆ. ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಡೇಟಾ ಒನ್‌ಡ್ರೈವ್ ಫೋಲ್ಡರ್‌ನಲ್ಲೇ ಇಟ್ಟಿದ್ದೇವೆ.

ಉತ್ತರ:
ಅಣ್ಣಾ, ಅದನ್ನು ಮೊದಲು ಅಲ್ಲಿಂದ ತೆಗೆಯಿರಿ. ಟ್ಯಾಲಿ ತೆರೆದಿರುವಷ್ಟು ಹೊತ್ತೂ ಆ ಫೈಲುಗಳನ್ನು ಹಿಡಿದುಕೊಂಡಿರುತ್ತದೆ, ಒಂದೊಂದು ವೋಚರ್‌ಗೂ ಬರೆಯುತ್ತಿರುತ್ತದೆ. ಒನ್‌ಡ್ರೈವ್ ಅದೇ ಹೊತ್ತಿಗೆ ಎತ್ತಿಕೊಳ್ಳಲು ನೋಡುತ್ತದೆ. ಕೆಲವು ಫೈಲ್ ಹೊಸದು, ಕೆಲವು ಹಳೆಯದು ಆಗಿ ಡೇಟಾ ಕೆಡಬಹುದು. ವರ್ಷದ ಲೆಕ್ಕ ಅದು. ಟ್ಯಾಲಿ ಪೂರ್ತಿ ಮುಚ್ಚಿ, ಡೇಟಾ ಫೋಲ್ಡರನ್ನು ಡಿ ಡ್ರೈವ್‌ಗೆ ಕಾಪಿ ಮಾಡಿ, ಟ್ಯಾಲಿಯಲ್ಲಿ ಹೊಸ ಜಾಗ ತೋರಿಸಿ. ಎಲ್ಲ ಸರಿಯಾಗಿ ತೆರೆದ ಮೇಲೆ ಹಳೆಯದನ್ನು ಅಳಿಸಿ. ದಿನ ಸಂಜೆ ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿ ಬ್ಯಾಕಪ್ ತೆಗೆದು, ಆ ಬ್ಯಾಕಪ್ ಮಾತ್ರ ಒನ್‌ಡ್ರೈವ್ ಫೋಲ್ಡರ್‌ಗೆ ಹಾಕಿ. ಮನೆಗೆ ಹೊರಡುವ ಮುಂಚೆ ಮೋಡದ ಗುರುತು ನೋಡಿ. ಕೆಂಪು ಗುರುತು ಕಂಡರೆ ಒತ್ತಿ ಓದಿ, ಅರ್ಥ ಆಗದಿದ್ದರೆ ಫೋಟೋ ತೆಗೆದು ಇಲ್ಲೇ ಹಾಕಿ.